‘ಒಂದು ಜಾತಿಯ ಮರ’ ಎಂದರೆ ಸಾಲದು

ಕನ್ನಡ ನಿಘಂಟಿನಲ್ಲಿ ಗಿಡಮರಗಳ ಹೆಸರು ಹುಡುಕಿದವರಿಗೆ ಈ ನಿರಾಸೆ ಪರಿಚಯವಿದ್ದೇ ಇರುತ್ತದೆ. ಪದ ಸಿಗುತ್ತದೆ. ಅದರ ಎದುರಿಗೆ ‘ಒಂದು ಜಾತಿಯ ಮರ’ ಅಂತಲೋ ‘ಒಂದು ಬಗೆಯ ಬಳ್ಳಿ’ ಅಂತಲೋ ಇರುತ್ತದೆ. ಅಲ್ಲಿಗೆ ಮುಗಿಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ತಮ್ಮ ಎರಡು ದೊಡ್ಡ ಕಾದಂಬರಿಗಳಲ್ಲಿ ಕಾಡನ್ನು ಹೆಸರು ಹಿಡಿದೇ ಕರೆದರು. ಇವತ್ತು ಅವನ್ನು ಓದುವ ಬೆಂಗಳೂರಿನ ವಿದ್ಯಾರ್ಥಿಗೆ ಆ ಹೆಸರುಗಳು ಬರೀ ಸದ್ದು. ಬೆಂಗಳೂರಿನ ಮಾತು ಬಿಡಿ, ಕೊಪ್ಪದ ವಿದ್ಯಾರ್ಥಿಗೂ ಅಷ್ಟೇ. ಮನೆಯ ಹಿಂದಿನ ಕಾನಿನಲ್ಲಿ ಇರುವ ಮರವನ್ನು ಪುಸ್ತಕದಲ್ಲಿ ಓದುವಾಗ ಆತನೂ ‘ಒಂದು ಜಾತಿಯ ಮರ’ ಎಂದೇ ದಾಟಿಕೊಂಡು ಹೋಗುತ್ತಾನೆ.

ಈ ಖಾಲಿ ಜಾಗವನ್ನು ತುಂಬಬಲ್ಲವರು ಸಸ್ಯಚಿತ್ರಕಾರರು. ಸಸ್ಯಚಿತ್ರ ಎಂದರೆ ಗೋಡೆಗೆ ತೂಗುಹಾಕುವ ಹೂಗುಚ್ಛದ ಚಿತ್ರವಲ್ಲ. ಗಿಡವನ್ನು ಎದುರಿಗಿಟ್ಟುಕೊಂಡು, ಎಲೆಯನ್ನು ಅಳೆದು, ಹೂವನ್ನು ಬಿಡಿಸಿ ಕೇಸರಗಳನ್ನು ಎಣಿಸಿ, ಕಾಯನ್ನು ಕೊಯ್ದು ನೋಡಿ, ಇನ್ನೊಬ್ಬರು ಆ ಚಿತ್ರವನ್ನು ಕೈಯಲ್ಲಿ ಹಿಡಿದು ಕಾಡಿಗೆ ಹೋದರೆ ಅದೇ ಗಿಡವನ್ನು ಗುರುತಿಸುವಂತೆ ಬರೆಯುವ ಕೆಲಸ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಗೆ ಸೇರಿ ಇಂಥ ಚಿತ್ರಕಾರರ ಒಂದು ಸಂಘ ಬೇಕು ಎಂಬುದು ನನ್ನ ವಾದ. ಆ ಸಂಘ ಮೂರು ಮಾತಿಗೆ ಬದ್ಧವಾಗಿರಬೇಕು. ಗಿಡವನ್ನು ನೋಡಿಯೇ ಬರೆಯಬೇಕು. ಬರೆದವರಿಗೆ ಕೂಲಿ ಸಿಗಬೇಕು. ಬರೆದವರ ಹೆಸರು ಚಿತ್ರದ ಕೆಳಗೇ ಇರಬೇಕು.

ಮೂರನೆಯದು ಅಷ್ಟು ಮುಖ್ಯವೇ ಎಂದು ಕೇಳುವವರಿಗೆ ನಮ್ಮ ಪಕ್ಕದ ಶಿವಮೊಗ್ಗದ ಕಥೆಯನ್ನೇ ಹೇಳುತ್ತೇನೆ. 1845ರಿಂದ 47ರ ಅವಧಿಯಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ವೈದ್ಯ ಶಿವಮೊಗ್ಗದಲ್ಲಿದ್ದ. ಮುಂದೆ ಮದರಾಸು ಪ್ರಾಂತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದದ್ದು ಇದೇ ಕ್ಲೆಗಾರ್ನ್. ಶಿವಮೊಗ್ಗದಲ್ಲಿ ಆತ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದಿದ್ದ. ಆ ಗಿಡಗಳನ್ನು ಬರೆದುಕೊಡಲು ಒಬ್ಬ ಚಿತ್ರಕಾರನನ್ನು ಇಟ್ಟುಕೊಂಡಿದ್ದ. ಮಲೆನಾಡಿನ ಅಂಚಿನ ಗಿಡಗಳ ನೂರಾರು ಚಿತ್ರಗಳು ಹೀಗೆ ಹುಟ್ಟಿದವು. ಅವು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಎಚ್. ಜೆ. ನೋಲ್ಟಿ ಎಂಬ ವಿದ್ವಾಂಸರು 2016ರಲ್ಲಿ ಆ ಸಂಗ್ರಹದ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಗಿಡದ ಹೆಸರು ಉಳಿದಿದೆ, ದೊರೆಯ ಹೆಸರು ಉಳಿದಿದೆ. ಬರೆದವನು ಮಾತ್ರ ‘ಒಬ್ಬ ಮರಾಠಾ ಚಿತ್ರಕಾರ’. ನಿಘಂಟಿನ ‘ಒಂದು ಜಾತಿಯ ಮರ’ ಇದ್ದ ಹಾಗೆ, ಒಂದು ಜಾತಿಯ ಮನುಷ್ಯ.

ಅದೇ ಕಾಲದಲ್ಲಿ ಮದರಾಸು ಪ್ರಾಂತದಲ್ಲಿ ರಾಬರ್ಟ್ ವೈಟ್ ಎಂಬ ಇನ್ನೊಬ್ಬ ವೈದ್ಯ ಇಂಥದೇ ಕೆಲಸ ಮಾಡಿಸುತ್ತಿದ್ದ. ಆತನ ಬಳಿ ಇದ್ದ ಚಿತ್ರಕಾರರು ರಂಗಯ್ಯ ಮತ್ತು ಗೋವಿಂದು. ವೈಟ್ ತನ್ನ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಅವರ ಹೆಸರು ಅಚ್ಚು ಹಾಕಿಸಿದ. ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ರಂಗಯ್ಯನ ಹೆಸರಿನಲ್ಲಿ ‘ರಂಗಿಯಾ’ ಎಂಬ ಕುಲವೇ ಇದೆ. ಅದಕ್ಕೆ ಸೇರಿದ ಪುಟ್ಟ ಗಿಡಗಳು ಕರ್ನಾಟಕದ ಹೊಲದ ಬದುಗಳಲ್ಲೂ ಕಳೆಯಂತೆ ಬೆಳೆಯುತ್ತವೆ. ಇಬ್ಬರು ಸಾಹೇಬರು, ಒಂದೇ ಕಾಲ, ಒಂದೇ ಕೆಲಸ. ಒಬ್ಬ ಚಿತ್ರಕಾರನ ಹೆಸರು ಬೇರುಬಿಟ್ಟು ಬೆಳೆಯುತ್ತಿದೆ, ಇನ್ನೊಬ್ಬನದು ಅಳಿಸಿಹೋಯಿತು. ವ್ಯತ್ಯಾಸ ಪ್ರತಿಭೆಯದ್ದಲ್ಲ. ಚಿತ್ರದ ಕೆಳಗೆ ಒಂದು ಸಾಲು ಇತ್ತೋ ಇಲ್ಲವೋ ಎಂಬುದಷ್ಟೇ.

‘ಅದು ಬ್ರಿಟಿಷರ ಕಾಲ, ಈಗ ಹಾಗಿಲ್ಲ’ ಅನ್ನುವಿರಾ? ಹಾಗಾದರೆ ಈಗಿನ ‘ಅವಕಾಶ’ಗಳ ಕಥೆ ಕೇಳಿ. ಚಿತ್ರಕಲೆ ಕಲಿಸುತ್ತ, ಬಿಡುವಿನಲ್ಲಿ ಗಿಡ ಬರೆಯುತ್ತ ನಾನು ಈ ಸೀಮೆಯಲ್ಲೇ ವರ್ಷಗಳನ್ನು ಕಳೆದಿದ್ದೇನೆ. ನನ್ನ ಮೊಬೈಲಿಗೆ ವಾರಕ್ಕೊಂದಾದರೂ ಪ್ರಕಟಣೆ ಬರುತ್ತದೆ. ‘ಪಶ್ಚಿಮಘಟ್ಟದ ಹೂಗಳು: ಚಿತ್ರ ಸ್ಪರ್ಧೆ.’ ಪ್ರವೇಶ ಶುಲ್ಕ ಇಂತಿಷ್ಟು. ಭಾಗವಹಿಸಿದ ಎಲ್ಲರಿಗೂ ಪ್ರಮಾಣಪತ್ರ. ಕೆಳಗೆ ಸಣ್ಣಕ್ಷರದಲ್ಲಿ, ಬಂದ ಚಿತ್ರಗಳ ಎಲ್ಲ ಹಕ್ಕೂ ಸಂಘಟಕರದು. ಅಂದರೆ ನಾವೇ ದುಡ್ಡು ಕೊಟ್ಟು, ನಮ್ಮ ಚಿತ್ರವನ್ನೂ ಕೊಟ್ಟು, ಒಂದು ಕಾಗದ ತೆಗೆದುಕೊಂಡು ಬರಬೇಕು. ಇನ್ನೊಮ್ಮೆ ಒಂದು ಸಂಸ್ಥೆಯವರು ಮನೆಗೇ ಬಂದರು. ಔಷಧಿ ಸಸ್ಯಗಳ ಪುಸ್ತಕ ಮಾಡುತ್ತೇವೆ, ಇಪ್ಪತ್ತು ಚಿತ್ರ ಬರೆದುಕೊಡಿ ಮೇಷ್ಟ್ರೇ, ಒಳ್ಳೆ ಪ್ರಚಾರ ಸಿಗುತ್ತದೆ ಎಂದರು. ದುಡ್ಡಿನ ಮಾತು ಎತ್ತಿದಾಗ ಅವರಿಗೆ ಮುಜುಗರವಾಯಿತು. ಕಲೆಗೆ ಬೆಲೆ ಕಟ್ಟುವುದುಂಟೇ ಎಂದು ಕೇಳಿದರು. ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರನ್ನು ಯಾರಾದರೂ ‘ಪ್ರಚಾರ ಸಿಗುತ್ತದೆ, ಹತ್ತಿ’ ಎಂದು ಕರೆದದ್ದುಂಟೇ? ಆ ಕೈಗೂ ಕೌಶಲ ಬೇಕು, ಈ ಕೈಗೂ ಬೇಕು. ಒಂದು ಗಿಡವನ್ನು ಸರಿಯಾಗಿ ಬರೆಯಲು ನನಗೆ ಕನಿಷ್ಠ ನಾಲ್ಕೈದು ದಿನ ಹಿಡಿಯುತ್ತದೆ. ಹೂವಿಗೊಂದು ಸಲ, ಕಾಯಿಗೊಂದು ಸಲ ಹೋಗಬೇಕಾದರೆ ವರ್ಷವೇ ಹಿಡಿಯುತ್ತದೆ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಎಳೆಯ ಚಿತ್ರಕಾರರಿಗೆ ಗೊತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಹಕ್ಕು ಬರೆಸಿದವರದ್ದಾಗುತ್ತದೆ. ಹಾಗಾಗಿ ಹಣ ಪಡೆದು ಬರೆಯುವಾಗಲೇ ಹಕ್ಕಿನ ಮಾತನ್ನು ಕಾಗದದ ಮೇಲೆ ಮುಗಿಸಿಕೊಳ್ಳಬೇಕು. ನೀವೇ ಬರೆದು ಪುಕ್ಕಟೆ ಕೊಟ್ಟ ಚಿತ್ರದ ಹಕ್ಕು ನಿಮ್ಮದೇ. ಅದನ್ನು ವಹಿಸಿಕೊಡಬೇಕಾದರೆ ಲಿಖಿತ ಒಪ್ಪಂದ ಬೇಕು ಎನ್ನುತ್ತದೆ 19ನೆಯ ಕಲಮು. ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಹೇಳಿಲ್ಲದಿದ್ದರೆ ಐದು ವರ್ಷ ಎಂದೇ ಲೆಕ್ಕ. ಎಲ್ಲಕ್ಕಿಂತ ಮುಖ್ಯವಾದದ್ದು 57ನೆಯ ಕಲಮು. ಹಕ್ಕನ್ನು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಕಲಾವಿದನಲ್ಲೇ ಉಳಿಯುತ್ತದೆ. ಶಿವಮೊಗ್ಗದ ಆ ಅನಾಮಿಕನಿಗೆ ಇಲ್ಲದ ಬಲ ನಮಗೆ ಇದೆ. ಬಳಸುವುದು ಗೊತ್ತಿಲ್ಲ. ಒಬ್ಬೊಬ್ಬರೇ ಬಳಸಲು ಹೋದರೆ ‘ಇವರಿಗೆ ಬಹಳ ಗರ್ವ’ ಎಂದು ಮುಂದಿನ ಸಲ ಕರೆಯುವುದೇ ಇಲ್ಲ. ಸಂಘ ಬೇಕಾಗುವುದು ಇಲ್ಲೇ. ಒಬ್ಬರು ಕೇಳಿದರೆ ಗರ್ವ, ಸಂಘ ಕೇಳಿದರೆ ನಿಯಮ.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. ‘ಮೊಬೈಲಿನಲ್ಲಿ ಫೋಟೋ ಹೊಡೆದರಾಯಿತಲ್ಲ ಮಾರಾಯ್ರೇ, ಯಾಕೆ ಇಷ್ಟು ಕಷ್ಟ?’ ಫೋಟೋ ಬೇಡ ಎನ್ನುವ ಹಟ ನನಗಿಲ್ಲ. ಆದರೆ ಫೋಟೋ ಒಂದು ಕ್ಷಣವನ್ನು, ಒಂದು ಗಿಡವನ್ನು, ಆ ದಿನದ ಬೆಳಕನ್ನು ಹಿಡಿಯುತ್ತದೆ. ರಾಂಪತ್ರೆಯ ಎಲೆ, ಮುಷ್ಟಿಗಿಂತ ಚಿಕ್ಕದಾದ ಕಾಯಿ, ಅದು ಬಿರಿದಾಗ ಬೀಜವನ್ನು ಸುತ್ತಿಕೊಂಡಿರುವ ಪತ್ರೆ, ಗುರುತಿಸಲಾಗದಷ್ಟು ಸಣ್ಣ ಹೂವು, ಇವೆಲ್ಲ ಒಂದೇ ದಿನ ಒಂದೇ ಕೊಂಬೆಯಲ್ಲಿ ಸಿಗುವುದಿಲ್ಲ. ಚಿತ್ರಕಾರ ಅವನ್ನು ಬೇರೆಬೇರೆ ತಿಂಗಳಲ್ಲಿ ನೋಡಿ ಒಂದೇ ಹಾಳೆಯ ಮೇಲೆ ತರುತ್ತಾನೆ. ಹುಳ ತಿಂದ ಎಲೆಯನ್ನು ಬಿಟ್ಟು ಸರಿಯಾದ ಎಲೆಯನ್ನು ಆರಿಸುತ್ತಾನೆ. ಯಾವುದು ಆ ಜಾತಿಯ ಲಕ್ಷಣ, ಯಾವುದು ಆ ಒಂದು ಗಿಡದ ಆಕಸ್ಮಿಕ ಎಂದು ತೀರ್ಮಾನಿಸುತ್ತಾನೆ. ಈ ತೀರ್ಮಾನವೇ ಚಿತ್ರ. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ನ ಚಿತ್ರಗಳನ್ನು ನೋಡಿಯೇ ಲಿನೇಯಸ್ ನಮ್ಮ ಕರಾವಳಿ ಮತ್ತು ಘಟ್ಟದ ಅನೇಕ ಗಿಡಗಳಿಗೆ ಹೆಸರಿಟ್ಟದ್ದು. ಆತ ಈ ದೇಶಕ್ಕೆ ಕಾಲಿಡಲೇ ಇಲ್ಲ. ಒಳ್ಳೆಯ ಚಿತ್ರ ಮಾಡುವ ಕೆಲಸ ಇದು.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಅದಕ್ಕೆ ರಾಂಪತ್ರೆ ಬರೆ ಎಂದು ಹೇಳಿ ನೋಡಿದೆ. ಬಹಳ ಚೆಂದದ ಹಣ್ಣೊಂದನ್ನು ಬರೆದುಕೊಟ್ಟಿತು. ಅಂಥ ಹಣ್ಣು ಭೂಮಿಯ ಮೇಲೆ ಎಲ್ಲೂ ಇಲ್ಲ. ಯಾರೂ ಕೂತು ನೋಡಿ ಬರೆಯದ ಗಿಡವನ್ನು ಯಂತ್ರ ಎಲ್ಲಿಂದ ಕಲಿಯಬೇಕು?

ಹೆಸರಿನ ಗೊಂದಲವನ್ನೂ ಚಿತ್ರವೇ ಬಿಡಿಸಬೇಕು. ನಮ್ಮಲ್ಲಿ ‘ವಾಟೆ’ ಎಂದರೆ ಒಬ್ಬರಿಗೆ ಹೊಳೆಯಂಚಿನ ತೆಳು ಬಿದಿರು, ಇನ್ನೊಬ್ಬರಿಗೆ ಸಾರಿಗೆ ಹಾಕುವ ಹುಳಿಕಾಯಿಯ ಮರ. ‘ಗೌರಿಹೂ’ ಎಂದರೆ ಕೆಲವರು ಬೆಂಕಿಯ ನಾಲಗೆಯಂಥ ಎಸಳಿನ ಬಳ್ಳಿಯನ್ನು ತೋರಿಸುತ್ತಾರೆ, ಕೆಲವರು ಕರ್ಣಕುಂಡಲವನ್ನು. ಬರೀ ಧೂಪ ಎಂದರೆ ಅದು ಸಾಲುಧೂಪವೋ ರಾಳಧೂಪವೋ? ಎರಡೂ ಬೇರೆ ಬೇರೆ ಕುಟುಂಬದ ಮರಗಳು. ಲ್ಯಾಟಿನ್ ಹೆಸರು ಬರೆದರೆ ತಜ್ಞರಿಗೆ ತಿಳಿಯುತ್ತದೆ, ಅಜ್ಜಿಗೆ ತಿಳಿಯುವುದಿಲ್ಲ. ಕನ್ನಡದ ಹೆಸರು ಬರೆದರೆ ಅಜ್ಜಿಗೆ ತಿಳಿಯುತ್ತದೆ, ತಜ್ಞರಿಗೆ ತಿಳಿಯುವುದಿಲ್ಲ. ಚಿತ್ರವನ್ನು ನಡುವೆ ಇಟ್ಟರೆ ಇಬ್ಬರೂ ಅದರ ಮೇಲೆ ಬೆರಳಿಟ್ಟು ಮಾತಾಡಬಹುದು.

ಇದು ಬರೀ ಕಾಡಿನ, ಕಾವ್ಯದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆಯೂ ಹೌದು. ನಮ್ಮ ಮೂರೂ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದರ ಮೇಲೆ ಈಗ ಎಲೆಚುಕ್ಕಿ ಬಂದಿದೆ. ಹಳದಿ ಎಲೆ ರೋಗದಲ್ಲಿ ಗರಿಯ ತುದಿಯಿಂದ ಹಳದಿ ಇಳಿಯುತ್ತದೆ, ನಡುದಂಟಿನ ಪಕ್ಕ ಹಸಿರು ಉಳಿದಿರುತ್ತದೆ. ಎಲೆಚುಕ್ಕಿಯಲ್ಲಿ ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ. ನೀರು ಬಸಿಯದ ತೋಟದಲ್ಲಿ, ಗೊಬ್ಬರ ಸಾಲದ ತೋಟದಲ್ಲಿ ಆಗುವ ಹಳದಿಯೇ ಬೇರೆ. ಮೊದಲನೆಯದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಅದಕ್ಕೆ ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ. ಎರಡನೆಯದು ಶಿಲೀಂಧ್ರದ್ದೇ. ತಪ್ಪಾಗಿ ಗುರುತಿಸಿದರೆ ಔಷಧಿಯ ದುಡ್ಡು ಮಣ್ಣುಪಾಲು. ನನ್ನ ಕೈಗೆ ಬಂದ ಕರಪತ್ರಗಳಲ್ಲಿ ಮಸುಕಾದ ಫೋಟೋಗಳಿವೆ. ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಆದ ಮೇಲೆ ಅದರಲ್ಲಿ ಹಳದಿಯೂ ಇಲ್ಲ, ಚುಕ್ಕಿಯೂ ಇಲ್ಲ. ಈ ಮೂರು ಎಲೆಗಳನ್ನು ಪಕ್ಕಪಕ್ಕದಲ್ಲಿ ರೇಖೆಯಲ್ಲಿ ಬರೆದರೆ ನೂರನೆಯ ಜೆರಾಕ್ಸಿನಲ್ಲೂ ವ್ಯತ್ಯಾಸ ಕಾಣುತ್ತದೆ. ಬಾಳೆಹೊನ್ನೂರಿನ ಬಳಿ 1925ರಲ್ಲೇ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ, ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ. ವಿಜ್ಞಾನಿಗಳು ಇಲ್ಲೇ ಇದ್ದಾರೆ, ಬರೆಯುವ ಕೈಗಳೂ ಇಲ್ಲೇ ಇವೆ. ನಡುವೆ ಪರಿಚಯ ಮಾಡಿಸುವವರಿಲ್ಲ.

ಹಾಗಾದರೆ ದುಡ್ಡು ಯಾರು ಕೊಡಬೇಕು? ಒಂದು ದಾರಿ ಕಣ್ಣೆದುರಿಗೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ಜನರಿಂದಲೇ ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಇದನ್ನೆಲ್ಲ 2020ರ ಜನವರಿ 31ರೊಳಗೆ ಮುಗಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. ಗಡುವಿನ ಕೆಲಸ ಹೇಗಿರುತ್ತದೆಂದು ಪಂಚಾಯಿತಿ ಕಚೇರಿಗೆ ಹೋಗಿ ಬಂದವರಿಗೆ ಹೇಳಬೇಕಿಲ್ಲ. ನಾನು ನೋಡಿದ ದಾಖಲಾತಿಯಲ್ಲಿ ಕೋಷ್ಟಕಗಳಿದ್ದವು, ಕ್ರಮಸಂಖ್ಯೆಗಳಿದ್ದವು, ಹೆಸರುಗಳಿದ್ದವು. ಒಂದು ಚಿತ್ರವೂ ಇರಲಿಲ್ಲ. ಊರಿನ ಗಿಡಗಳ ದಾಖಲೆಯೂ ನಿಘಂಟಿನ ದಾರಿಯನ್ನೇ ಹಿಡಿದಿದೆ.

ನನ್ನ ಬೇಡಿಕೆ ಸರಳ. ಪ್ರತಿ ಪಂಚಾಯಿತಿ ವರ್ಷಕ್ಕೆ ಹತ್ತು ಗಿಡಗಳನ್ನು ಸ್ಥಳೀಯ ಚಿತ್ರಕಾರರಿಂದ ಬರೆಸಲಿ. ಗಿಡವನ್ನು ತೋರಿಸಿಕೊಟ್ಟವರ ಹೆಸರು, ಅವರು ಹೇಳಿದ ಕನ್ನಡದ ಹೆಸರು, ವಿಜ್ಞಾನದ ಹೆಸರು, ಬರೆದ ಜಾಗ, ತಾರೀಖು, ಬರೆದವರ ಹೆಸರು, ಇಷ್ಟೂ ಆ ಹಾಳೆಯಲ್ಲಿರಲಿ. ಸಮಿತಿಗಳು ಸಭೆಯ ನಡಾವಳಿಗೆ ಸಹಿ ಹಾಕಿಸುವುದರಲ್ಲೇ ಸವೆದುಹೋಗದೆ ಇಷ್ಟಕ್ಕಾದರೂ ಹಣ ತೆಗೆದಿಡಲಿ. ಹತ್ತು ವರ್ಷಕ್ಕೆ ಒಂದು ಪಂಚಾಯಿತಿಗೆ ನೂರು ಗಿಡ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳ ಬಗ್ಗೆ ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಜಿ ಅವರ ಪುಸ್ತಕ ಬಂದದ್ದು 1981ರಲ್ಲಿ. ಇಂಗ್ಲಿಷಿನಲ್ಲಿದೆ, ತಜ್ಞರಿಗಾಗಿ ಬರೆದದ್ದು, ಬಹಳ ಶ್ರಮದ ಕೆಲಸ. ಅದರ ಜೊತೆಗೆ ಊರವರು ತಿರುವಿಹಾಕಬಹುದಾದ ಒಂದು ಚಿತ್ರಸಂಪುಟ ಕನ್ನಡದಲ್ಲಿ ಬೇಡವೇ?

ಕನ್ನಡಕ್ಕೆ ಇದು ಹೊಸದೂ ಅಲ್ಲ. ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರ 19ನೆಯ ಶತಮಾನದ ಕೊನೆಯಿಂದ ಮುಂದಿನ ಶತಮಾನದ ಆರಂಭದ ದಶಕಗಳ ತನಕ ಗಿಡಗಳನ್ನು ಬರೆಯುತ್ತಲೇ ಇದ್ದರು, ಅದೂ ಸಂಬಳದ ನೌಕರಿಯಲ್ಲಿ. ಗಿಡ ಬರೆಯುವವರಿಗೆ ಸಂಬಳ ಕೊಡಬೇಕು ಎಂಬ ಬುದ್ಧಿ ಅವತ್ತಿನ ಮೈಸೂರು ಸರ್ಕಾರಕ್ಕಿತ್ತು. ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ಗಿಡಗಳ ಚಿತ್ರಗಳನ್ನು ಸ್ವಾಮಿಯವರೇ ಬರೆದಿದ್ದರು. ಓದುಗರು ಹಾಸ್ಯವನ್ನು ನೆನಪಿಟ್ಟುಕೊಂಡರು, ಚಿತ್ರವನ್ನು ಮರೆತರು. ಈಗ ಬೆಂಗಳೂರಿನ ನಿರುಪಾ ರಾವ್ ಪಶ್ಚಿಮಘಟ್ಟದ ಮರಗಿಡಗಳನ್ನು ಬರೆದು 2018 ಮತ್ತು 2019ರಲ್ಲಿ ಪುಸ್ತಕಗಳಲ್ಲಿ ತಂದಿದ್ದಾರೆ. ಸೊಗಸಾದ ಕೆಲಸ. ಆದರೆ ಅವು ಇಂಗ್ಲಿಷ್ ಪುಸ್ತಕಗಳು. ಅವರ ಮೇಲೆ ನನ್ನ ದೂರಿಲ್ಲ. ಘಟ್ಟದೊಳಗೇ ಕೂತು ಘಟ್ಟವನ್ನು ಕನ್ನಡದಲ್ಲಿ ಬರೆಯದ ನಮ್ಮ ಮೇಲಿದೆ ದೂರು.

ಹೊರಗೆ ಇಂಥ ಸಂಘಗಳು ಬಹಳ ಹಿಂದೆಯೇ ಹುಟ್ಟಿವೆ. ಬ್ರಿಟನ್ನಿನ ಸಸ್ಯಚಿತ್ರಕಾರರ ಸಂಘ 1985ರದ್ದು, ಅಮೆರಿಕದ್ದು 1994ರದ್ದು. 2018ರ ಮೇ 18ರಂದು 25 ದೇಶಗಳ ಚಿತ್ರಕಾರರು ತಂತಮ್ಮ ನಾಡಿನ ಗಿಡಗಳ ಪ್ರದರ್ಶನವನ್ನು ಒಟ್ಟಿಗೇ ನಡೆಸಿದರು. ಇಂಥ ಸಂಘ ಮಾಡಬೇಕಾದ ಮೊದಲ ಕೆಲಸವೇ ಸುದ್ದಿ ಮುಟ್ಟಿಸುವುದು. ಯಾವ ಪ್ರದರ್ಶನ, ಎಷ್ಟು ಅಳತೆಯ ಹಾಳೆ, ಶುಲ್ಕ ಎಷ್ಟು, ಹಕ್ಕು ಯಾರದು, ಕೊನೆಯ ದಿನ ಯಾವಾಗ ಎಂದು ಎಲ್ಲರಿಗೂ ಒಂದೇ ಸಲ, ಅವರ ಭಾಷೆಯಲ್ಲಿ ಹೇಳುವುದು. ನಮ್ಮ ಹುಡುಗಿಯೊಬ್ಬಳಿಗೆ ಆ ಸುದ್ದಿ ಮುಟ್ಟಬೇಕಾದರೆ ಇಂಗ್ಲಿಷ್ ಬರಬೇಕು, ಬೆಂಗಳೂರಿನ ಸ್ನೇಹಿತರಿರಬೇಕು, ಮಳೆಗಾಲದಲ್ಲಿ ಸಿಗ್ನಲ್ ಇರಬೇಕು. ಮೂರೂ ಕೂಡಿಬರುವ ಹೊತ್ತಿಗೆ ಕೊನೆಯ ದಿನ ಮುಗಿದಿರುತ್ತದೆ.

‘ಹಳ್ಳಿಯಲ್ಲಿ ಅಷ್ಟು ಕಲಾವಿದರು ಎಲ್ಲಿದ್ದಾರೆ’ ಎಂಬುದು ಕೊನೆಯ ಆಕ್ಷೇಪ. ಪಿಯುಸಿ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕಗಳನ್ನು ತೆರೆದು ನೋಡಿ. ಪ್ರತಿ ವರ್ಷ ಈ ಮೂರು ತಾಲ್ಲೂಕಿನ ಮಕ್ಕಳು ದಾಸವಾಳದ ಉದ್ದಸೀಳು ಬರೆಯುತ್ತಾರೆ. ಎಲ್ಲರೂ ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆಯುತ್ತಾರೆ. ಅಂಗಳದಲ್ಲಿ ದಾಸವಾಳ ಅರಳಿರುತ್ತದೆ, ಯಾರೂ ಅತ್ತ ತಿರುಗುವುದಿಲ್ಲ. ನೋಡದೆ ಬರೆದದ್ದಕ್ಕೆ ಅಂಕ ಕೊಡುವ ಪದ್ಧತಿಯನ್ನು ನಾವೇ ಬೆಳೆಸಿದ್ದೇವೆ. ಆದರೂ ಆ ರಾಶಿಯಲ್ಲಿ ನಾಲ್ಕೈದು ಕೈಗಳು ಬೇರೆಯಾಗಿಯೇ ಕಾಣುತ್ತವೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸಾದವರು ಊರೂರಲ್ಲಿದ್ದಾರೆ. ಸಾಗರ, ಸೊರಬದ ಕಡೆ ಪುಂಡಿನಾರಿನ ಕುಂಚದಲ್ಲಿ ಕೈ ನಡುಗದೆ ಗೆರೆ ಎಳೆಯುವ ಹಸೆಚಿತ್ತಾರದ ಹೆಂಗಸರಿದ್ದಾರೆ. ಕೈಗಳಿಗೆ ಕೊರತೆಯಿಲ್ಲ. ಕೆಲಸ ಕೊಡುವವರಿಗೆ ಕೊರತೆ.

ಸಂಘ ಕಟ್ಟುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಅಡಿಕೆ ಮಾರಲು ಮ್ಯಾಮ್‌ಕೋಸ್ ಕಟ್ಟಿಕೊಂಡವರು ನಾವು. ಭಜನೆಗೆ ಮಂಡಳಿ ಇದೆ, ಗಣಪತಿಗೆ ಸಮಿತಿ ಇದೆ, ತಾಳಮದ್ದಳೆಗೆ ಬಳಗ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಒಂದು ಸಂಘ ನೋಂದಾಯಿಸಲು ಏಳು ಜನ ಸಾಕು. ಮೊದಲ ಸಭೆಗೆ ಸ್ವಾಗತ ಭಾಷಣ, ಹಾರ, ಶಾಲು ಯಾವುದೂ ಬೇಡ. ಮೂರು ಕೆಲಸ ಮುಗಿಸಿದರೆ ಸಾಕು. ಒಂದು ಹಾಳೆಗೆ ಕನಿಷ್ಠ ಎಷ್ಟು ಕೂಲಿ ಎಂದು ಬರೆದಿಡುವುದು. ಹಕ್ಕಿನ ಒಪ್ಪಂದದ ಒಂದು ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು. ಶುಲ್ಕ ಕೇಳಿ ಹಕ್ಕನ್ನೂ ಕಸಿದುಕೊಳ್ಳುವ ಸ್ಪರ್ಧೆಗಳಿಗೆ ಸದಸ್ಯರು ಯಾರೂ ಚಿತ್ರ ಕಳಿಸಬಾರದು ಎಂದು ತೀರ್ಮಾನಿಸುವುದು.

ಮೇ ಕೊನೆಗೆ ಸೀತಾಳೆ ಹೂ ಬಿಡುತ್ತದೆ. ಮಳೆ ಹಿಡಿದ ಮೇಲೆ ಹಾಳೆ ಒದ್ದೆಯಾಗುತ್ತದೆ, ಬಣ್ಣ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಆದರೆ ಈ ಘಟ್ಟದ ಎಷ್ಟೋ ಗಿಡಗಳು ಹೂ ಬಿಡುವುದೇ ಆ ಮಳೆಯಲ್ಲಿ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಸೇರಬೇಕು, ಒಣಗಿದ ಒಂದು ಕೋಣೆ ಹುಡುಕಿಕೊಳ್ಳಬೇಕು. ಏಳು ಜನ ಬೇಕು. ಒಬ್ಬ ನಾನಿದ್ದೇನೆ.